ಟ್ಯಾಂಕ್ ಸವಾರರ ತರಬೇತಿ: ಬೆಂಗಳೂರು ಗ್ರಾಮಾಂತರದ ಕಡೆಯಿಂದ

ಯುದ್ಧ ಟ್ಯಾಂಕನ್ನು ಓಡಿಸಿ, ಅದರ ತೋಪು ಹಾರಿಸಿ, ರೇಡಿಯೊ ನಿಭಾಯಿಸಿ, ಕೆಟ್ಟು ನಿಂತರೆ ತಾವೇ ಇಳಿದು ಬಿಚ್ಚಿ ಜೋಡಿಸಬಲ್ಲ ಮೂರು ನಾಲ್ಕು ಜನರ ತಂಡವನ್ನು ತಯಾರು ಮಾಡುವುದೇ ಟ್ಯಾಂಕ್ ಸಿಬ್ಬಂದಿ ತರಬೇತಿ. ಭಾರತದಲ್ಲಿ ಇದರ ಮೂಲಸ್ಥಾನ ಮಹಾರಾಷ್ಟ್ರದ ಅಹಿಲ್ಯಾನಗರ, ಅಂದರೆ ಮೊನ್ನೆಮೊನ್ನೆಯವರೆಗಿನ ಅಹ್ಮದ್‌ನಗರ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಟ್ಯಾಂಕ್ ಶಾಲೆಯೂ ಇಲ್ಲ, ಅದರ ಗುಂಡು ಹಾರಿಸುವ ಮೈದಾನವೂ ಇಲ್ಲ. ಇಲ್ಲಿರುವುದು ಟ್ಯಾಂಕಿಗಿಂತ ಹಳೆಯದಾದ ಕುದುರೆ ದಂಡಿನ ಚರಿತ್ರೆ, ಪಕ್ಕದ ಬೆಂಗಳೂರಿನಲ್ಲಿ ಟ್ಯಾಂಕಿಗೆ ಬೇಕಾದ ಸಾಮಗ್ರಿ ಮಾಡುವ ಕಾರ್ಖಾನೆಗಳು, ಮತ್ತು ಪ್ರತಿ ವರ್ಷ ಸೇನಾ ಭರ್ತಿಗೆ ಹೊರಡುವ ಹುಡುಗರು. ಈ ಮೂರನ್ನೂ ಬಿಟ್ಟು ಅಹಿಲ್ಯಾನಗರದ ಪಾಠ ಪೂರ್ತಿ ಅರ್ಥವಾಗದು. ಅಲ್ಲಿ ಇಂದಿಗೂ ಟ್ಯಾಂಕಿನವನನ್ನು ಸವಾರ ಎಂದೇ ಕರೆಯುತ್ತಾರೆ.

ಹೆಸರಿನ ವಿಚಾರ

ಈ ಸೀಮೆಯಲ್ಲಿ ಟ್ಯಾಂಕ್ ಅಂದರೆ ಮೊದಲು ನೆನಪಾಗುವುದು ನೀರು: ಊರ ನಡುವಿನ ಓವರ್‌ಹೆಡ್ ಟ್ಯಾಂಕ್, ಬೇಸಿಗೆಯಲ್ಲಿ ಬೀದಿಗೆ ಬರುವ ಟ್ಯಾಂಕರ್. ಹಳೆಯ ಸರ್ಕಾರಿ ಕಡತಗಳಲ್ಲಂತೂ ಹೊಸಕೋಟೆಯ ದೊಡ್ಡಕೆರೆಯಂಥ ಕೆರೆಗಳೂ ಇಂಗ್ಲಿಷಿನಲ್ಲಿ ಟ್ಯಾಂಕುಗಳೇ. ಯುದ್ಧದ ಯಂತ್ರಕ್ಕೂ ಆ ಹೆಸರು ನೀರಿನಿಂದಲೇ ಬಂತು. 1915ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದ ಕಾರ್ಖಾನೆಯಲ್ಲಿ ಈ ವಾಹನ ತಯಾರಾಗುತ್ತಿದ್ದಾಗ ಗುಟ್ಟು ಬಯಲಾಗದಿರಲೆಂದು ಇದು ನೀರು ಸಾಗಿಸುವ ತೊಟ್ಟಿ ಎಂದು ಹೇಳಿಬಿಟ್ಟರು. ಗುಟ್ಟಿಗೆ ಇಟ್ಟ ಹೆಸರೇ ಕೊನೆಗೆ ಉಳಿಯಿತು.

ಈ ಯಂತ್ರಕ್ಕೆ ಸರ್ಕಾರದ ಒಳಗಿನಿಂದ ಒತ್ತಾಸೆ ಕೊಟ್ಟವರಲ್ಲಿ ಮುಖ್ಯನಾದವನು ಆಗ ಬ್ರಿಟಿಷ್ ನೌಕಾಖಾತೆಯ ಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್. 1915ರ ಫೆಬ್ರುವರಿಯಲ್ಲಿ ಅವನು ರಚಿಸಿದ ಸಮಿತಿಯ ಹೆಸರು ಭೂಹಡಗುಗಳ ಸಮಿತಿ. ಅದಕ್ಕೂ ಸುಮಾರು ಇಪ್ಪತ್ತು ವರ್ಷ ಹಿಂದೆ, 1896ರಲ್ಲಿ, ಅವನು ನಾಲ್ಕನೇ ಹುಸಾರ್ಸ್ ಎಂಬ ಕುದುರೆ ರೆಜಿಮೆಂಟಿನ ಎಳೆಯ ಅಧಿಕಾರಿಯಾಗಿ ಬೆಂಗಳೂರು ದಂಡುಪ್ರದೇಶಕ್ಕೆ ಬಂದಿದ್ದ. ಬೆಳಿಗ್ಗೆ ಕವಾಯತು, ಮಧ್ಯಾಹ್ನ ಓದು, ಸಂಜೆ ಪೋಲೊ ಎಂದು ದಿನ ಕಳೆದ. ಕುದುರೆಯ ಕಾಲ ಮುಗಿಸಿದ ಯಂತ್ರಕ್ಕೆ ಕುದುರೆ ಮೇಲಿನವನೇ ದಾರಿ ಮಾಡಿಕೊಟ್ಟ ಎನ್ನಬೇಕು.

ಮೊದಲ ಟ್ಯಾಂಕ್ ತಂಡಗಳು 1916ರಲ್ಲಿ ಇಂಗ್ಲೆಂಡಿನ ಎಲ್ವೆಡನ್ ಎಂಬಲ್ಲಿ ಬೇಲಿಯೊಳಗೆ, ಗುಟ್ಟಾಗಿ, ಅವಸರದಲ್ಲಿ ಕಲಿತವು. ಒಂದು ಟ್ಯಾಂಕಿಗೆ ಎಂಟು ಜನ. ಅದನ್ನು ತಿರುಗಿಸಲಿಕ್ಕೇ ನಾಲ್ವರು ಬೇಕು. ಎಂಜಿನ್ ತಂಡದವರ ನಡುವೆಯೇ ಇತ್ತು. ಒಳಗೆ ಹೊಗೆ, ಬೇಗೆ, ಕಿವಿ ಗುಯ್ಯೆನ್ನುವ ಸದ್ದು. ಹೊರಗಿನವರಿಗೆ ಸುದ್ದಿ ಕಳಿಸಲು ಪಾರಿವಾಳಗಳು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಫ್ಲೇರ್ಸ್ ಬಳಿ ಮೊದಲ ಸಲ 49 ಟ್ಯಾಂಕುಗಳನ್ನು ಕದನಕ್ಕೆ ತಂದಾಗ ಎಷ್ಟೋ ಟ್ಯಾಂಕುಗಳು ದಾರಿಯಲ್ಲೇ ಕೆಟ್ಟು ನಿಂತವು. ಓಡಿಸುವವನಿಗೆ ರಿಪೇರಿಯೂ ಗೊತ್ತಿರಬೇಕೆಂಬ ನಿಯಮದ ಮೂಲ ಅಲ್ಲಿದೆ. ಬೋವಿಂಗ್ಟನ್ನಿನ ಬ್ರಿಟಿಷ್ ಶಾಲೆ ಆ ಪಾಠವನ್ನು ಪಠ್ಯವಾಗಿಸಿತು. ಅಹ್ಮದ್‌ನಗರದ ಶಾಲೆ ಅದರ ಸಂತಾನ.

ಇನ್ನೊಂದು ಪಾಠವನ್ನು 1940ರಲ್ಲಿ ಫ್ರೆಂಚರು ದುಬಾರಿ ಬೆಲೆ ತೆತ್ತು ಕಲಿತರು. ಅವರ ಹಲವು ಟ್ಯಾಂಕುಗಳ ಗೋಪುರದಲ್ಲಿ ಒಬ್ಬನೇ ಕೂರುತ್ತಿದ್ದ. ಅವನೇ ನೋಡಬೇಕು, ಅವನೇ ಗುಂಡು ತುಂಬಬೇಕು, ಅವನೇ ಹಾರಿಸಬೇಕು, ಅವನೇ ಹುಕುಂ ಕೊಡಬೇಕು. ಎದುರಿನ ದೊಡ್ಡ ಜರ್ಮನ್ ಟ್ಯಾಂಕುಗಳಲ್ಲಿ ಐದು ಜನ, ಐದು ಕೆಲಸ, ಜೊತೆಗೆ ರೇಡಿಯೊ. ಫ್ರೆಂಚ್ ಉಕ್ಕು ಅನೇಕ ಕಡೆ ಜರ್ಮನ್ ಉಕ್ಕಿಗಿಂತ ದಪ್ಪವಾಗಿತ್ತು. ಆದರೂ ಒಬ್ಬನ ಕೈಯಲ್ಲಿ ನಾಲ್ಕು ಕೆಲಸ ಇಟ್ಟವರು ಸೋತರು. ಮುಂದೆ ಜಗತ್ತಿನ ಎಲ್ಲ ಟ್ಯಾಂಕ್ ಶಾಲೆಗಳೂ ಕಲಿಸಲು ಹೊರಟಿದ್ದು ಈ ಕೆಲಸದ ಹಂಚಿಕೆಯನ್ನೇ.

ಕುದುರೆ ದಂಡಿನ ತಾಲ್ಲೂಕುಗಳು

ಬೆಂಗಳೂರು ಗ್ರಾಮಾಂತರದ ಕೋಟೆ ಊರುಗಳು ಹದಿನೆಂಟನೇ ಶತಮಾನದಲ್ಲಿ ಅಶ್ವದಳದ ದಾರಿಯಲ್ಲಿದ್ದವು. 1749ರಲ್ಲಿ ಮೈಸೂರಿನ ಸೈನ್ಯ ದೇವನಹಳ್ಳಿಗೆ ಮುತ್ತಿಗೆ ಹಾಕಿದಾಗ ಅಣ್ಣನ ಜೊತೆ ಸ್ವಂತ ಇಚ್ಛೆಯಿಂದ ಹೋರಾಡಲು ಬಂದಿದ್ದವನು ಹೈದರ್ ಅಲಿ. ಅವನ ಧೈರ್ಯ ಕಂಡ ಸರ್ವಾಧಿಕಾರಿ ನಂಜರಾಜಯ್ಯ 50 ಕುದುರೆ ಮತ್ತು 200 ಕಾಲಾಳುಗಳ ಸಣ್ಣ ತಂಡವನ್ನು ಅವನ ಕೈಗೆ ಕೊಟ್ಟ. ಒಂದು ರಾಜ್ಯದ ಹಣೆಬರಹ ಬದಲಾಗಿದ್ದು ಆ 50 ಕುದುರೆಗಳಿಂದ. ಮುಂದೆ 1761ರಲ್ಲಿ ಹೊಸಕೋಟೆಯ ಮುತ್ತಿಗೆಯ ವೇಳೆ ಹೈದರಾಬಾದ್ ನಿಜಾಮರ ಮನೆತನದ ಬಸಾಲತ್ ಜಂಗನಿಂದ ಸಿರಾದ ನವಾಬ ಎಂಬ ಪದವಿ ಪಡೆದು, ದೊಡ್ಡಬಳ್ಳಾಪುರವನ್ನೂ ಅವನು ವಶ ಮಾಡಿಕೊಂಡ.

ಟ್ಯಾಂಕ್ ತರಬೇತಿಯ ಲೇಖನಕ್ಕೆ ಇದಕ್ಕಿಂತ ಹತ್ತಿರದ ಪ್ರಸಂಗ 1768ರ ಆಗಸ್ಟಿನಲ್ಲಿ ಹೊಸಕೋಟೆಯಲ್ಲಿ ನಡೆಯಿತು. ಮದ್ರಾಸಿನ ಕಂಪನಿ ಸೈನ್ಯವೂ ಅದರ ಜೊತೆಗೂಡಿದ್ದ ಗುತ್ತಿಯ ಮುರಾರಿರಾಯನ ಮರಾಠಾ ಕುದುರೆ ದಂಡೂ ಅಲ್ಲಿ ಬೀಡು ಬಿಟ್ಟಿದ್ದವು. ಹೈದರ್ ರಾತ್ರಿ ಹೊತ್ತು ಮುರಾರಿರಾಯನ ಬೀಡಿನ ಮೇಲೆ ಕುದುರೆ ನುಗ್ಗಿಸಿದ. ಕತ್ತಲಲ್ಲಿ ಯಾರು ನಮ್ಮವರು, ಯಾರು ಅವರು? ಮುರಾರಿರಾಯ ಕೊಟ್ಟ ಅಪ್ಪಣೆ ಸರಳ: ನಮ್ಮವರು ಯಾರೂ ಕುದುರೆ ಹತ್ತಬಾರದು, ತಮ್ಮ ತಮ್ಮ ಕುದುರೆಯ ಮುಂದೆ ನೆಲದ ಮೇಲೆ ನಿಲ್ಲಬೇಕು, ಹತ್ತಿ ಬರುವವನು ಯಾರೇ ಆಗಲಿ ಅವನು ಶತ್ರು, ಹೊಡೆಯಿರಿ. ಆ ಗದ್ದಲದಲ್ಲಿ ಮುರಾರಿರಾಯನ ಪಟ್ಟದ ಆನೆ ಗಾಯಗೊಂಡು ಕಟ್ಟು ಬಿಡಿಸಿಕೊಂಡು, ಸರಪಳಿಯನ್ನೇ ಸೊಂಡಿಲಲ್ಲಿ ಬೀಸುತ್ತ ಮೈಸೂರಿನ ಸವಾರರ ಮೇಲೆ ಬಿತ್ತಂತೆ. ಕುದುರೆಗಳು ತಮ್ಮದೇ ಕಾಲಾಳುಗಳನ್ನು ತುಳಿಯುತ್ತ ಹಿಂದೆ ಸರಿದವು. ಆನೆಯ ಕಥೆ ಸ್ವಲ್ಪ ಬೆಳೆದಿರಲೂಬಹುದು. ಅಪ್ಪಣೆ ಮಾತ್ರ ಇವತ್ತಿನ ಪಠ್ಯದಲ್ಲೂ ಇಡಬಹುದಾದದ್ದು. ಶಾಖವನ್ನು ಚಿತ್ರವಾಗಿಸುವ ಥರ್ಮಲ್ ದೂರದರ್ಶಕದಲ್ಲಿ ಬೆಳ್ಳಗೆ ಕಾಣುವ ಮುದ್ದೆ ಯಾರ ಟ್ಯಾಂಕು ಎಂದು ಕ್ಷಣದಲ್ಲಿ ಗುರುತಿಸುವುದು ಗನ್ನರ್ ಕಲಿಯುವ ಅತಿ ಕಷ್ಟದ ವಿದ್ಯೆ. ತನ್ನವರ ಗುಂಡಿಗೆ ತನ್ನವರೇ ಬಲಿಯಾಗುವುದು ಆಧುನಿಕ ಯುದ್ಧಗಳಲ್ಲೂ ನಿಂತಿಲ್ಲ.

1791ರ ಮಾರ್ಚಿನಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕೋಲಾರದಿಂದ ಹೊಸಕೋಟೆ ಮೇಲೆ ಬೆಂಗಳೂರಿಗೆ ಬಂದಾಗ ಅವನ ಸೈನ್ಯದಲ್ಲಿ ಮದ್ರಾಸಿನ ದೇಶೀಯ ಅಶ್ವದಳವಿತ್ತು. ಆ ಅಶ್ವದಳದ ವಂಶದ ರೆಜಿಮೆಂಟುಗಳು ಇಂದು ಟ್ಯಾಂಕ್ ರೆಜಿಮೆಂಟುಗಳಾಗಿವೆ: 7ನೇ, 8ನೇ ಮತ್ತು 16ನೇ ಲೈಟ್ ಕ್ಯಾವಲ್ರಿ. 1776ರಷ್ಟು ಹಿಂದಕ್ಕೆ ಹುಟ್ಟು ಹೇಳಿಕೊಳ್ಳುವ 16ನೆಯದು ಭಾರತೀಯ ಟ್ಯಾಂಕ್ ರೆಜಿಮೆಂಟುಗಳಲ್ಲೇ ಹಿರಿಯದು. ಅದರ ಹಳೆಯ ಯುದ್ಧಗೌರವಗಳ ಪಟ್ಟಿಯಲ್ಲಿ ‘ಮೈಸೂರು’, ‘ಶ್ರೀರಂಗಪಟ್ಟಣ’ ಎಂಬ ಹೆಸರುಗಳಿವೆ. ಸ್ವಾತಂತ್ರ್ಯದ ಹೊತ್ತಿನಿಂದ ಇದು ದಕ್ಷಿಣ ಭಾರತೀಯರ ರೆಜಿಮೆಂಟು. ಮೈಸೂರನ್ನು ಸೋಲಿಸಿದ ದಂಡಿನ ಪಟ್ಟಿಯ ಕೆಳಗೆ ಮೈಸೂರು ಸೀಮೆಯ ಹುಡುಗರು ಸೇವೆ ಮಾಡುತ್ತಾರೆ ಎಂದರೆ ವಿಚಿತ್ರ ಅನ್ನಿಸಬಹುದು. ಸೇನೆಯ ನೆನಪುಗಳು ಹಾಗೇ ಇರುತ್ತವೆ.

ಮೈಸೂರು ಸಂಸ್ಥಾನದ ಸ್ವಂತ ಅಶ್ವದಳದ ದಾರಿ ಬೇರೆ. ಕುದುರೆಯನ್ನು ತಾನೇ ತಂದರೆ ಸಿಲ್ಲೇದಾರ, ಸರ್ಕಾರದ ಕುದುರೆ ಹತ್ತಿದರೆ ಬಾರಗೀರ ಎಂಬ ಹಳೆಯ ವ್ಯವಸ್ಥೆಯಿಂದ ಬಂದ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಹಿಡಿಯುವಲ್ಲಿ ಜೋಧಪುರದವರ ಜೊತೆ ಪಾಲುಗೊಂಡಿತು. ಕಾರ್ಮೆಲ್ ಬೆಟ್ಟದ ಮೇಲಿನ ತೋಪುಗಳತ್ತ ನುಗ್ಗಿದವರು ಮೈಸೂರಿನವರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಯುರೋಪಿನಲ್ಲಿ ಟ್ಯಾಂಕು ಬಂದು ಎರಡು ವರ್ಷ ಆದಮೇಲೆ ನಡೆದ ಭರ್ಜಿ ದಾಳಿ ಅದು. ಸ್ವಾತಂತ್ರ್ಯಾನಂತರ ಈ ಲ್ಯಾನ್ಸರ್ಸ್ ಟ್ಯಾಂಕು ಹತ್ತಲಿಲ್ಲ; 1953ರಲ್ಲಿ ಸಂಸ್ಥಾನಗಳ ಕುದುರೆ ದಳಗಳನ್ನು ಕೂಡಿಸಿ ಕಟ್ಟಿದ, ಇಂದಿನ 61ನೇ ಕ್ಯಾವಲ್ರಿಯಲ್ಲಿ ಸೇರಿಹೋಯಿತು.

ಲಾಯದಿಂದ ಷೆಡ್ಡಿಗೆ

ಭಾರತೀಯ ಅಶ್ವದಳ ಕುದುರೆ ಬಿಟ್ಟಿದ್ದು ತಡವಾಗಿ. 1938ರಲ್ಲಿ ಸಿಂಧ್ ಹಾರ್ಸ್ ಮತ್ತು 13ನೇ ಲ್ಯಾನ್ಸರ್ಸ್ ಮೊದಲು ಯಂತ್ರಕ್ಕೆ ಬದಲಾದವು. ಸಿಂಧ್ ಹಾರ್ಸ್ ಕುದುರೆಗಳಿಗೆ ವಿದಾಯ ಹೇಳಿದ ಮೇ 1ನ್ನೇ ಇಂದಿಗೂ ಕವಚದಳದ ದಿನವಾಗಿ ಆಚರಿಸುತ್ತಾರೆ. 1941ರಲ್ಲಿ ಭಾರತೀಯ ಆರ್ಮರ್ಡ್ ಕೋರ್, ಅಂದರೆ ಈ ಕವಚದಳ, ವಿಧಿವತ್ತಾಗಿ ಹುಟ್ಟಿತು. ತಲೆಮಾರುಗಳಿಂದ ಕುದುರೆ ತಿಕ್ಕಿದ ಕೈಗೆ ಸ್ಪ್ಯಾನರ್ ಕೊಡುವುದು ಆಗಿನ ತರಬೇತಿದಾರರ ದೊಡ್ಡ ತಲೆನೋವು. ಅವರು ಕಂಡುಕೊಂಡ ಉಪಾಯ ಜಾಣತನದ್ದು: ಕುದುರೆಯ ಶಿಸ್ತನ್ನೇ ಯಂತ್ರಕ್ಕೆ ವರ್ಗಾಯಿಸಿದರು. ಸವಾರಿ ಮುಗಿದ ಮೇಲೆ ಮೊದಲು ಕುದುರೆಗೆ ನೀರು, ಮೇವು, ಮಾಲೀಸು. ಆಮೇಲೆ ಸವಾರನಿಗೆ ಊಟ. ಟ್ಯಾಂಕಿಗೂ ಅದೇ. ಮೊದಲು ಡೀಸೆಲ್, ಆಯಿಲ್, ಚೈನಿನ ಬಿಗಿ, ಆಮೇಲೆ ಚಹಾ.

ಹುದ್ದೆಯ ಹೆಸರುಗಳೂ ಕುದುರೆಯ ಕಾಲದವೇ ಉಳಿದವು: ಸವಾರ, ಲ್ಯಾನ್ಸ್ ದಫೇದಾರ್, ದಫೇದಾರ್, ನಾಯಬ್ ರಿಸಾಲ್ದಾರ್, ರಿಸಾಲ್ದಾರ್, ರಿಸಾಲ್ದಾರ್ ಮೇಜರ್. ದಫೇದಾರ್ ಎಂದರೆ ನಮ್ಮ ಜಿಲ್ಲೆಯವರಿಗೆ ಚಪ್ಪರದಕಲ್ಲಿನ ಜಿಲ್ಲಾಡಳಿತ ಭವನದಲ್ಲಿ ಜಿಲ್ಲಾಧಿಕಾರಿಯ ಕೋಣೆಯ ಬಾಗಿಲಲ್ಲಿ ಬಿಳಿ ದಿರಿಸು, ಪಟ್ಟಿ ಧರಿಸಿ ನಿಂತಿರುವವನು. ಕವಚದಳದಲ್ಲಿ ಅದೇ ಹೆಸರಿನವನು ನಲವತ್ತು ಟನ್ನಿಗೂ ಮೀರಿದ ಟ್ಯಾಂಕಿನ ಯಜಮಾನ. ಒಂದೇ ಪದ ಒಂದು ಕಡೆ ಬಾಗಿಲು ಕಾಯುತ್ತದೆ, ಇನ್ನೊಂದು ಕಡೆ ದಾಳಿ ನಡೆಸುತ್ತದೆ. ಬೆಂಗಳೂರಿನ ಶೇಷಾದ್ರಿಪುರದ ರಿಸಾಲ್ದಾರ್ ರಸ್ತೆಯ ಹೆಸರೂ ಇದೇ ಕುಟುಂಬದ್ದು.

ಈ ತಲೆಮಾರಿನ ಕಲಿಕೆ ಪರೀಕ್ಷೆಗೆ ಒಳಗಾದ ಕ್ಷಣಗಳಲ್ಲಿ ಒಂದಕ್ಕೆ ಕರ್ನಾಟಕದ ನಂಟು ಗಟ್ಟಿಯಾಗಿದೆ. 1948ರ ನವೆಂಬರ್ 1ರಂದು ಕಾಶ್ಮೀರದ ಝೋಜಿಲಾ ಕಣಿವೆಯಲ್ಲಿ, ಸುಮಾರು 3,500 ಮೀಟರ್ ಎತ್ತರದಲ್ಲಿ, 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಕಾಣಿಸಿಕೊಂಡಾಗ ಎದುರಾಳಿಗಳು ಕಂಗೆಟ್ಟರು. ಅಷ್ಟು ಎತ್ತರಕ್ಕೆ ಟ್ಯಾಂಕು ಹತ್ತುತ್ತದೆ ಎಂದು ಯಾರೂ ಎಣಿಸಿರಲಿಲ್ಲ. ಆ ಯೋಜನೆಯ ಹಿಂದಿದ್ದವರು ಮಡಿಕೇರಿಯ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯ. ಸುದ್ದಿ ಸೋರದಿರಲೆಂದು ಗೋಪುರಗಳನ್ನು ಕಳಚಿ ಟ್ಯಾಂಕುಗಳನ್ನು ಸಾಗಿಸಿದ್ದರು. ಹೇಸರಗತ್ತೆಯ ಕಾಲುದಾರಿಯನ್ನು ಟ್ಯಾಂಕು ಹತ್ತುವ ದಾರಿಯಾಗಿ ಅಗಲಿಸಿದವರು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್. ಅವರ ಕೇಂದ್ರ ಬೆಂಗಳೂರಿನ ಹಲಸೂರು ಕೆರೆಯ ದಡದಲ್ಲೇ ಇದೆ. ಟ್ಯಾಂಕ್ ತಂಡದ ತರಬೇತಿ ಎಷ್ಟೇ ಚೆನ್ನಾಗಿದ್ದರೂ ದಾರಿ ಮಾಡಿಕೊಡುವವರ ತರಬೇತಿ ಅದಕ್ಕೆ ಸಮನಾಗಿರಬೇಕು.

ಅಹಿಲ್ಯಾನಗರ

ಮೊದಲ ಮಹಾಯುದ್ಧದ ನಂತರ ಬ್ರಿಟಿಷರ ಟ್ಯಾಂಕ್ ಕೋರ್ ತನ್ನ ಕವಚವಾಹನ ತುಕಡಿಗಳನ್ನು ಭಾರತಕ್ಕೆ ತಂದಾಗ, 1920ರ ದಶಕದ ಆರಂಭದಲ್ಲಿ, ಅಹ್ಮದ್‌ನಗರದಲ್ಲಿ ಶಾಲೆ ಶುರುವಾಯಿತು. ಬೇರೆ ಬೇರೆ ಕಡೆಯ ತರಬೇತಿ ಘಟಕಗಳನ್ನು ಒಂದುಗೂಡಿಸಿ 1948ರಲ್ಲಿ ಆರ್ಮರ್ಡ್ ಕೋರ್ ಸೆಂಟರ್ ಅಂಡ್ ಸ್ಕೂಲ್ ಎಂಬ ಇಂದಿನ ಸಂಸ್ಥೆ ಕಟ್ಟಿದರು. ಊರಿನ ಕೋಟೆ ಕನ್ನಡ ಓದುಗರಿಗೆ ನೆಹರೂ ಅವರ ಸೆರೆವಾಸದಿಂದ ಪರಿಚಿತ. ಹತ್ತಿರದ ಕೆಕೆ ರೇಂಜ್ ಎಂಬ ಬೋಳು ಗುಡ್ಡಗಳ ಬಯಲಿನಲ್ಲಿ ನಿಜವಾದ ಗುಂಡು ಹಾರಿಸುತ್ತಾರೆ. 1994ರಲ್ಲಿ ತೆರೆದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂನಲ್ಲಿ ಹಳೆಯ ಕಾಲದ ಕವಚಕಾರುಗಳಿಂದ ಹಿಡಿದು ಯುದ್ಧಗಳಲ್ಲಿ ವಶಪಡಿಸಿಕೊಂಡ ಪ್ಯಾಟನ್ ಟ್ಯಾಂಕುಗಳವರೆಗೆ ಸಾಲಾಗಿ ನಿಲ್ಲಿಸಿದ್ದಾರೆ. ಹೊಸ ಸೇರ್ಪಡೆಗೆ ಮೂಲ ತರಬೇತಿ ಕೊಡುವುದು ಒಂದು ವಿಭಾಗ, ವಾಹನ ಕಲಿಸುವುದು ಇನ್ನೊಂದು, ಯಂತ್ರ ಮತ್ತು ರೇಡಿಯೊ ತಾಂತ್ರಿಕತೆಗೆ ಮತ್ತೊಂದು ಶಾಲೆ, ಯುದ್ಧತಂತ್ರಕ್ಕೆ ಅಧಿಕಾರಿಗಳ ಶಾಲೆ.

ಮೊದಲ ಕೆಲವು ತಿಂಗಳು ಟ್ಯಾಂಕಿನ ಮುಖ ನೋಡುವುದೇ ಅಪರೂಪ. ಕವಾಯತು, ಓಟ, ರೈಫಲ್, ಹಿಂದಿ. ಆಮೇಲೆ ಒಬ್ಬೊಬ್ಬನಿಗೆ ಒಂದೊಂದು ಕಸುಬು ಹಂಚುತ್ತಾರೆ: ಡ್ರೈವರ್, ಗನ್ನರ್, ಆಪರೇಟರ್. ತನ್ನ ಕಸುಬು ಗಟ್ಟಿಯಾದ ಮೇಲೆ ಎರಡನೆಯದನ್ನೂ ಕಲಿಯಬೇಕು, ಏಕೆಂದರೆ ಒಬ್ಬ ಗಾಯಗೊಂಡರೆ ಟ್ಯಾಂಕು ನಿಲ್ಲಬಾರದು. ಮೂರು ಟ್ಯಾಂಕಿಗೆ ಒಂದು ಟ್ರೂಪ್, ಹದಿನಾಲ್ಕಕ್ಕೆ ಒಂದು ಸ್ಕ್ವಾಡ್ರನ್, 45ಕ್ಕೆ ಒಂದು ರೆಜಿಮೆಂಟು.

ಎಳೆಯ ಅಧಿಕಾರಿಗೂ ರಿಯಾಯಿತಿ ಇಲ್ಲ. ಯಂಗ್ ಆಫೀಸರ್ಸ್ ಕೋರ್ಸಿನಲ್ಲಿ ಅವನು ಡ್ರೈವರನ ಸೀಟಿನಲ್ಲೂ ಗನ್ನರನ ಸೀಟಿನಲ್ಲೂ ಕೂತು ಕಲಿಯುತ್ತಾನೆ. 1971ರ ಜೂನ್‌ನಲ್ಲಿ ಅಧಿಕಾರಿಯಾಗಿ ಪೂನಾ ಹಾರ್ಸ್ ಸೇರಿದ ಅರುಣ್ ಖೇತ್ರಪಾಲ್ ಇದೇ ಕೋರ್ಸಿನ ನಡುವೆ ಇದ್ದಾಗ ಯುದ್ಧ ಬಂತು, ಕೋರ್ಸು ಅರ್ಧಕ್ಕೇ ಬಿಟ್ಟು ರೆಜಿಮೆಂಟಿಗೆ ಹೋಗಬೇಕಾಯಿತು. ಡಿಸೆಂಬರ್ 16ರಂದು ಬಸಂತರ್ ಕದನದಲ್ಲಿ ‘ಫಮಗುಸ್ತಾ’ ಎಂಬ ಸೆಂಚುರಿಯನ್ ಟ್ಯಾಂಕಿನಲ್ಲಿ ಹೋರಾಡಿ ಮಡಿದಾಗ ವಯಸ್ಸು 21. ಮರಣೋತ್ತರ ಪರಮವೀರ ಚಕ್ರ. ಆ ಟ್ಯಾಂಕಿನಲ್ಲಿ ಇನ್ನೂ ಮೂವರಿದ್ದರು ಎಂಬುದನ್ನು ನಾವು ಓದುವ ವೀರಗಾಥೆಗಳು ಅವಸರದಲ್ಲಿ ದಾಟಿಬಿಡುತ್ತವೆ. ಟ್ಯಾಂಕಿನೊಳಗಿನ ಸಾಹಸ ಒಬ್ಬನ ಲೆಕ್ಕಕ್ಕೆ ಬರೆದುಕೊಳ್ಳುವಂಥದ್ದಲ್ಲ.

ಮೂವರ ಕೆಲಸ

ಭಾರತದಲ್ಲಿ ಹೆಚ್ಚಾಗಿರುವ ಟಿ-72 ಅಜೇಯ ಮತ್ತು ಟಿ-90 ಭೀಷ್ಮ ಟ್ಯಾಂಕುಗಳಲ್ಲಿ ಮೂವರು: ಮುಂದೆ ನಡುಮಧ್ಯೆ ಡ್ರೈವರ್, ಗೋಪುರದ ಎಡಕ್ಕೆ ಗನ್ನರ್, ಬಲಕ್ಕೆ ಕಮಾಂಡರ್. ಗುಂಡು ತುಂಬಲು ಯಂತ್ರವಿದೆ. ದೇಶೀಯ ಅರ್ಜುನ್ ಟ್ಯಾಂಕಿನಲ್ಲಿ, ಹಿಂದಿನ ವಿಜಯಂತ ಮತ್ತು ಸೆಂಚುರಿಯನ್‌ಗಳಲ್ಲಿ ನಾಲ್ಕನೆಯವನೂ ಉಂಟು, ಕೈಯಿಂದ ಗುಂಡು ತುಂಬುವ ಲೋಡರ್.

ಡ್ರೈವರಿಗೆ ಸ್ಟಿಯರಿಂಗ್ ಚಕ್ರವಿಲ್ಲ, ಎರಡು ಸನ್ನೆಗಳಿವೆ. ಎಡಸನ್ನೆ ಎಳೆದರೆ ಎಡಚೈನು ನಿಧಾನವಾಗಿ ಗಾಡಿ ಎಡಕ್ಕೆ ತಿರುಗುತ್ತದೆ. ನೆಲಮಂಗಲದ ಕಡೆ ಲೇಔಟುಗಳಲ್ಲಿ ಚೈನ್ ಹಿಟಾಚಿ ಓಡಿಸಿದವನಿಗೆ ಇದು ಹೊಸದೇನಲ್ಲ. ಟ್ರ್ಯಾಕ್ಟರ್ ಓಡಿಸಿದವನು ಮಾತ್ರ ಮೊದಮೊದಲು ಇಲ್ಲದ ಚಕ್ರಕ್ಕೆ ಕೈ ಚಾಚುತ್ತಾನೆ. ಆದರೆ ಹಿಟಾಚಿಯವನಿಗೆ ಸುತ್ತ ಗಾಜು. ಟ್ಯಾಂಕಿನವನು ಮುಚ್ಚಳ ಹಾಕಿಕೊಂಡ ಮೇಲೆ ಅಂಗೈಯಗಲದ ಪೆರಿಸ್ಕೋಪೇ ಪ್ರಪಂಚ. ಮೂತಿಯ ಮುಂದಿನ ಕೆಲವು ಮೀಟರು ಕಾಣುವುದೇ ಇಲ್ಲ. ಹಳ್ಳ ಬಂದರೆ, ಅದು ಕಣ್ಣಿಗೆ ಮರೆಯಾದ ಮೇಲೆ ಮನಸ್ಸಿನಲ್ಲೇ ಎಣಿಸಿಕೊಂಡು ಗೇರು ಬದಲಿಸಬೇಕು. ಹಿಂದಕ್ಕೆ ಹೋಗುವಾಗಲಂತೂ ಅವನು ಪೂರ್ತಿ ಕುರುಡ. ಮೇಲಿನ ಕಮಾಂಡರ್ ಹೇಳಿದಂತೆ ನಡೆಯಬೇಕು. ಒಳ್ಳೆಯ ಡ್ರೈವರ್ ಯಾರೆಂದು ಗನ್ನರನ್ನು ಕೇಳಬೇಕು: ನಿಲ್ಲಿಸುವಾಗ ಗೋಪುರ ಮುಗ್ಗರಿಸದಂತೆ ನಿಲ್ಲಿಸುವವನು.

ಗನ್ನರನ ಕೆಲಸ ಲೆಕ್ಕದ್ದು. ಎರಡು ಕಿಲೋಮೀಟರ್ ದೂರದಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಅಡ್ಡ ಹೋಗುತ್ತಿರುವ ಟ್ಯಾಂಕು ಅಂದುಕೊಳ್ಳಿ. ಕವಚ ಸೀಳುವ ಬಾಣದಂಥ ಗುಂಡು ಸೆಕೆಂಡಿಗೆ ಸುಮಾರು 1,700 ಮೀಟರ್ ಹಾರುತ್ತದೆ, ಅಷ್ಟು ದೂರಕ್ಕೆ ಒಂದು ಸೆಕೆಂಡಿನ ಮೇಲೆ ಚೂರು. ಅಷ್ಟರಲ್ಲಿ ಗುರಿ ಹತ್ತು ಮೀಟರ್ ಮುಂದೆ ಹೋಗಿರುತ್ತದೆ. ಟ್ಯಾಂಕಿನ ಒಡಲಿನ ಉದ್ದವೇ ಏಳು ಮೀಟರ್. ಅಂದರೆ ನಡುಮಧ್ಯಕ್ಕೆ ಗುರಿಯಿಟ್ಟವನು ಬರೀ ಗಾಳಿಗೆ ಹೊಡೆದಂತೆ. ಈಗ ಲೇಸರ್ ದೂರ ಅಳೆಯುತ್ತದೆ, ಗಣಕ ಎಷ್ಟು ಮುಂದಕ್ಕೆ ಹೊಡೆಯಬೇಕೆಂದು ಹೇಳುತ್ತದೆ. ಆದರೂ ಗಣಕ ಕೆಟ್ಟ ದಿನಕ್ಕೆಂದು ಬರಿಗಣ್ಣಿನ ಅಂದಾಜನ್ನೂ ಕಲಿಸುತ್ತಾರೆ. 1965ರ ಯುದ್ಧದಲ್ಲಿ ಪಾಕಿಸ್ತಾನದ ಪ್ಯಾಟನ್‌ಗಳಲ್ಲಿ ದೂರ ಅಳೆಯುವ ಸಾಧನ ಹೆಚ್ಚು ನಾಜೂಕಿನದ್ದಾಗಿತ್ತು. ಸೆಂಚುರಿಯನ್‌ಗಳ ಸರಳ ದೂರದರ್ಶಕದಲ್ಲಿ ಪಳಗಿದ ಭಾರತದ ಗನ್ನರುಗಳು ಮೊದಲ ಗುಂಡನ್ನೇ ಸರಿಯಾಗಿ ಹೊಡೆಯುತ್ತಿದ್ದರು ಎಂಬುದು ಆ ಯುದ್ಧದ ಬಗ್ಗೆ ಬರೆದ ಹಲವರ ಅಭಿಪ್ರಾಯ. ಸಿಯಾಲ್‌ಕೋಟ್ ರಂಗದಲ್ಲಿ ದಕ್ಷಿಣದವರ 16ನೇ ಕ್ಯಾವಲ್ರಿಯೂ ಸೆಂಚುರಿಯನ್‌ಗಳಲ್ಲೇ ಪ್ಯಾಟನ್‌ಗಳನ್ನು ಎದುರಿಸಿತು. ಯಂತ್ರ ಚೆನ್ನಾಗಿದ್ದು ತರಬೇತಿ ಸಾಲದಿದ್ದರೆ ಏನಾಗುತ್ತದೆಂದು ತಿಳಿಯಲು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರದ ಕಬ್ಬಿನ ಗದ್ದೆಗಳ ಕಡೆ ನೋಡಬೇಕು. ಅಲ್ಲಿ ಕೆಟ್ಟು, ಹೂತು, ಬಿಟ್ಟುಹೋದ ಪ್ಯಾಟನ್‌ಗಳ ಸಾಲಿಗೆ ಪ್ಯಾಟನ್ ನಗರ ಎಂದೇ ಹೆಸರು ಬಿತ್ತು.

ಕಮಾಂಡರನಿಗೆ ನಾಲ್ಕು ಕಡೆ ಗಮನ. ತನ್ನ ಡ್ರೈವರು, ತನ್ನ ಗನ್ನರು, ರೇಡಿಯೊದಲ್ಲಿ ಕೂಗುವ ಮೇಲಿನವರು, ಹೊರಗಿನ ನೆಲ. ಅವನ ಹುಕುಂಗೆ ಒಂದು ಕಟ್ಟುನಿಟ್ಟಾದ ಕ್ರಮವುಂಟು: ಯಾವ ಗುಂಡು, ಏನು ಗುರಿ, ಯಾವ ದಿಕ್ಕು, ಎಷ್ಟು ದೂರ, ಆಮೇಲೆ ಹೊಡೆ. ಮಾತು ಒಂದು ಹೆಚ್ಚಿದರೂ ಎದುರಿನವನು ಮೊದಲು ಹೊಡೆದಿರುತ್ತಾನೆ. ಮಾತುಗಾರ ಊರುಗಳಿಂದ ಹೋದವರಿಗೆ ಈ ಮಿತಭಾಷೆ ಕಲಿಯುವುದೇ ಒಂದು ಶಿಕ್ಷೆ.

ಗುಂಡು ಹಾರಿಸಿದ ದಿನದ ಕೊನೆಯ ಕೆಲಸ ತೋಪಿನ ಕೊಳವೆ ತಿಕ್ಕುವುದು. ಉದ್ದನೆಯ ದಂಡಗಳನ್ನು ಒಂದಕ್ಕೊಂದು ಸೇರಿಸಿ, ತುದಿಗೆ ಬ್ರಷ್ ಕಟ್ಟಿ, ತಂಡವೆಲ್ಲ ಹಗ್ಗಜಗ್ಗಾಟದವರಂತೆ ಒಂದೇ ಸಾಲಿನಲ್ಲಿ ನಿಂತು ಒಳಗೆ ನೂಕಿ ಹೊರಗೆ ಎಳೆಯುತ್ತಾರೆ. ಒಬ್ಬನ ಉಸಿರು ತಪ್ಪಿದರೆ ದಂಡ ಸಿಕ್ಕಿಕೊಳ್ಳುತ್ತದೆ. ಅಧಿಕಾರಿಯ ತೋಳೂ ಮಸಿಯಾಗುತ್ತದೆ. ಇಡೀ ತರಬೇತಿಯ ಸಾರ ನೋಡಬೇಕೆಂದರೆ ಗುಂಡು ಹಾರುವುದನ್ನಲ್ಲ, ಈ ತಿಕ್ಕುವುದನ್ನು ನೋಡಬೇಕು ಎಂಬುದು ಈ ಲೇಖಕನ ಅನಿಸಿಕೆ.

ನೀರಿನ ಪಾಠವೂ ಒಂದುಂಟು. ಟಿ-72 ತನ್ನ ಗೋಪುರದ ಮೇಲೆ ಉಸಿರುಕೊಳವೆ ಸಿಕ್ಕಿಸಿಕೊಂಡು ಐದು ಮೀಟರ್ ಆಳದ ನೀರಿನ ತಳದಲ್ಲಿ ನಡೆಯಬಲ್ಲದು. ಕಾಲುವೆ ದಾಟುವಾಗ ಎಂಜಿನ್ ನಿಂತರೆ ಒಳಗೆ ನೀರು ತುಂಬಲು ಬಿಟ್ಟು, ಒತ್ತಡ ಸಮನಾದ ಮೇಲೆ ಮುಚ್ಚಳ ತೆಗೆದು, ಉಸಿರಾಟದ ಸಾಧನ ಕಚ್ಚಿಕೊಂಡು ಮೇಲೆ ಬರಬೇಕು. ಇದನ್ನು ಮೊದಲು ಕೊಳದಲ್ಲಿ ಅಭ್ಯಾಸ ಮಾಡಿಸುತ್ತಾರೆ. ನೀರು ಕತ್ತಿನವರೆಗೆ ಬರುವ ತನಕ ಸುಮ್ಮನೆ ಕೂತಿರುವುದು ಈಜು ಬಲ್ಲವನಿಗೂ ಸುಲಭವಲ್ಲ. ಕೆರೆ ಬಾವಿಗಳಲ್ಲಿ ಈಜಿ ಬೆಳೆದವರಿಗೆ ಇಲ್ಲಿ ಸ್ವಲ್ಪ ಮುಂದಿನ ಹೆಜ್ಜೆ ಸಿಕ್ಕೀತು, ಆದರೆ ನಮ್ಮ ಕೆರೆಗಳಲ್ಲಿ ಈಜುವಷ್ಟು ನೀರು ನಿಂತ ಕಾಲ ಯಾವುದು ಎಂಬುದು ಬೇರೆ ಪ್ರಶ್ನೆ.

ಸಿಮ್ಯುಲೇಟರ್ ಮತ್ತು ಖರ್ಚು

ಟ್ಯಾಂಕು ಒಂದು ಕಿಲೋಮೀಟರಿಗೆ ಎರಡು ಮೂರು ಲೀಟರ್ ಡೀಸೆಲ್ ಕುಡಿಯುತ್ತದೆ; ಎಂಜಿನ್ನಿಗೂ ಚೈನಿಗೂ ಕೊಳವೆಗೂ ಆಯಸ್ಸು ಲೆಕ್ಕದ್ದು. ಆದ್ದರಿಂದ ಕಲಿಕೆಯ ಬಹುಪಾಲು ಅಣಕು ಯಂತ್ರದಲ್ಲಿ ನಡೆಯುತ್ತದೆ. ಅಲ್ಲಾಡುವ ಪೆಟ್ಟಿಗೆಯಲ್ಲಿ ಕೂತು ಪರದೆಯ ಮೇಲಿನ ಮರುಭೂಮಿಯಲ್ಲಿ ಓಡಿಸಬಹುದು, ಹೊಡೆಯಬಹುದು, ತಪ್ಪಿದ್ದನ್ನು ಮತ್ತೆ ತೋರಿಸಿ ತಿದ್ದಬಹುದು. ದೊಡ್ಡ ಗುಂಡಿನ ಬದಲು ಕೊಳವೆಯೊಳಗೆ ಸಣ್ಣ ಕೊಳವೆ ಕೂರಿಸಿ ಅಗ್ಗದ ಗುಂಡು ಹಾರಿಸುವುದು ಇನ್ನೂ ಹಳೆಯ ಉಪಾಯ. ಆದರೆ ಪೆಟ್ಟಿಗೆಯಲ್ಲಿ ಮದ್ದಿನ ಹೊಗೆಯ ವಾಸನೆಯಿಲ್ಲ, ರಾಜಸ್ಥಾನದ ಮೇ ತಿಂಗಳ ಬೇಗೆಯಿಲ್ಲ. ಹಾಗಾಗಿ ರೆಜಿಮೆಂಟುಗಳು ಬಿಕಾನೇರ್ ಬಳಿಯ ಮಹಾಜನ್, ಝಾನ್ಸಿ ಬಳಿಯ ಬಬೀನಾ ಬಯಲುಗಳಿಗೆ ಹೋಗಿಯೇ ತೀರಬೇಕು.

ಬೆಂಗಳೂರಿನ ಪಾಲು ಉಪಕರಣಗಳಲ್ಲಿದೆ. 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ ಟ್ಯಾಂಕುಗಳ ರೇಡಿಯೊ ಮತ್ತು ರಾತ್ರಿ ದೃಷ್ಟಿಯ ಸಾಧನಗಳನ್ನು ಮಾಡುತ್ತದೆ. 1964ರಲ್ಲಿ ಹುಟ್ಟಿದ ಬಿಇಎಂಎಲ್, ಕೋಲಾರ ಚಿನ್ನದ ಗಣಿಯ ತನ್ನ ಘಟಕದಲ್ಲಿ, ಕೆಟ್ಟ ಟ್ಯಾಂಕನ್ನು ಎಳೆದು ತರುವ ಪೋಲಿಷ್ ವಿನ್ಯಾಸದ ಕವಚವಾಹನ ತಯಾರಿಸಿತು.

ಜಿಲ್ಲೆಯಿಂದ ಹೋಗುವವರು

ಬೆಂಗಳೂರು ಗ್ರಾಮಾಂತರ ಸೇನೆಯ ಬೆಂಗಳೂರು ಭರ್ತಿ ಕಚೇರಿಯ ವ್ಯಾಪ್ತಿಗೆ ಸೇರಿದೆ. ಮೊದಲು ಗಣಕದಲ್ಲಿ ಪರೀಕ್ಷೆ, ಆಮೇಲೆ ರ‍್ಯಾಲಿ. 1.6 ಕಿಲೋಮೀಟರನ್ನು ಐದೂವರೆ ನಿಮಿಷದಲ್ಲಿ ಓಡಿದರೆ ಪೂರ್ಣ ಅಂಕ, ಹತ್ತು ಪುಲ್‌ಅಪ್, ಒಂಬತ್ತು ಅಡಿ ಹಳ್ಳದ ಜಿಗಿತ. ಬೆಳಗಿನ ಜಾವ ಕೆರೆ ಏರಿಗಳ ಮೇಲೆ ಮೊಬೈಲಿನಲ್ಲಿ ಸಮಯ ಹಿಡಿದು ಓಡುವ ಹುಡುಗರು ಈ ಐದೂವರೆ ನಿಮಿಷವನ್ನೇ ಬೆನ್ನಟ್ಟುತ್ತಿರುತ್ತಾರೆ. ಯಾವ ದಳ ಎಂಬುದು ಅವರ ಕೈಯಲ್ಲಿಲ್ಲ. ಟ್ಯಾಂಕು ಬಯಸಿದವನಿಗೆ ಲಾರಿಯ ಕಸುಬು ಬರಬಹುದು, ಏನೂ ಬಯಸದವನಿಗೆ ಟ್ಯಾಂಕು. 2025ರಿಂದ ಪರೀಕ್ಷೆ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಯುತ್ತಿರುವುದು ಹಳ್ಳಿಯ ಹುಡುಗರಿಗೆ ನಿಜವಾದ ಅನುಕೂಲ. ಹೆಣ್ಣುಮಕ್ಕಳಿಗೆ ಈ ದಳದ ಬಾಗಿಲು ತೆರೆದಿಲ್ಲ. 2023ರಲ್ಲಿ ಫಿರಂಗಿ ದಳ ಮಹಿಳಾ ಅಧಿಕಾರಿಗಳನ್ನು ಸೇರಿಸಿಕೊಂಡಿತು, ಕವಚದಳ ಇನ್ನೂ ಇಲ್ಲ.

2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥ ಯೋಜನೆ ತರಬೇತಿಯ ಲೆಕ್ಕವನ್ನು ಬದಲಿಸಿದೆ. ಒಟ್ಟು ಸೇವೆ ನಾಲ್ಕು ವರ್ಷ, ಅದರಲ್ಲಿ ತರಬೇತಿಯೂ ಸೇರಿ. ಆಮೇಲೆ ಗರಿಷ್ಠ ಶೇ 25 ಜನಕ್ಕೆ ಮುಂದುವರಿಕೆ. ಕಾಲಾಳಿಗೆ ಇದು ಹೇಗೋ, ಟ್ಯಾಂಕಿಗೆ ಮಾತ್ರ ಯೋಚಿಸಬೇಕಾದ ವಿಷಯ. ಹಳೆಯ ಪದ್ಧತಿಯಲ್ಲಿ ಒಬ್ಬ ಸವಾರ ಒಂದು ಕಸುಬಿನಲ್ಲಿ ನುರಿತು, ಎರಡನೆಯದನ್ನು ಕಲಿತು, ದಫೇದಾರನಾಗಿ ತನ್ನದೇ ಟ್ಯಾಂಕು ಪಡೆಯಲು ಹತ್ತಾರು ವರ್ಷ ಬೇಕಾಗುತ್ತಿತ್ತು. ಮೂವರು ಒಬ್ಬರ ಉಸಿರು ಒಬ್ಬರಿಗೆ ತಿಳಿಯುವಷ್ಟು ಪಳಗುವ ಹೊತ್ತಿಗೆ ಇಬ್ಬರ ಅವಧಿ ಮುಗಿದಿದ್ದರೆ ಮತ್ತೆ ಮೊದಲಿನಿಂದ. ವಯಸ್ಸು ಕಡಿಮೆಯಿದ್ದಷ್ಟೂ ಹೊಸ ಯಂತ್ರ ಬೇಗ ಕಲಿಯುತ್ತಾರೆ ಎಂಬ ಎದುರು ವಾದದಲ್ಲೂ ಹುರುಳಿಲ್ಲದಿಲ್ಲ. ಆದರೆ ಟ್ಯಾಂಕಿನಲ್ಲಿ ಕಲಿಯಬೇಕಾದ್ದು ಯಂತ್ರವೊಂದೇ ಆಗಿದ್ದರೆ ಆ ವಾದ ಪೂರ್ತಿ ಒಪ್ಪಬಹುದಿತ್ತು.

ಆಯ್ಕೆಯಾದವನಿಗೆ ಬರುವ ಕಾಗದದಲ್ಲಿ ಸೇರಬೇಕಾದ ಕೇಂದ್ರದ ಹೆಸರಿರುತ್ತದೆ. ಅಹಿಲ್ಯಾನಗರವಾದರೆ ಅನುಕೂಲದ ರೈಲು ಕರ್ನಾಟಕ ಎಕ್ಸ್‌ಪ್ರೆಸ್. ಬೆಂಗಳೂರಿನಿಂದ ಸಂಜೆ ಹೊರಟು ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರು, ಹಿಂದೂಪುರದ ಹಳಿ ಹಿಡಿದು, ಗುಂತಕಲ್ಲು, ಸೊಲ್ಲಾಪುರ, ದೌಂಡ್ ದಾಟಿ ಮರುದಿನ ಆ ಊರು ತಲುಪುತ್ತದೆ. ದೊಡ್ಡಬಳ್ಳಾಪುರದ ಹುಡುಗ ಕಬ್ಬಿಣದ ಟ್ರಂಕು ಹೊತ್ತು ಬೆಂಗಳೂರಿಗೆ ಹೋಗಿ ರೈಲು ಹತ್ತಿ, ಒಂದು ಗಂಟೆಯೊಳಗೆ ಕತ್ತಲಲ್ಲಿ ಮತ್ತೆ ತನ್ನ ಊರಿನ ಸ್ಟೇಷನ್ನಿನ ದೀಪಗಳ ಮುಂದೆಯೇ ಹಾದುಹೋಗುತ್ತಾನೆ.